ಕಿಲಿಮಂಜಾರೊ ಮತ್ತು ಹೊರೆಯ ಲೆಕ್ಕ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಉಮ್ಮಚಗಿಯ ನಮ್ಮ ಮನೆಯ ಜಗಲಿಯ ಮೇಲೆ ಆಫ್ರಿಕಾ ಹರಡಿಕೊಂಡಿತ್ತು. ಬೆಂಗಳೂರಿನಿಂದ ಬಂದಿದ್ದ ದೊಡ್ಡಪ್ಪನ ಮಗ ಅಣ್ಣ, ಅತ್ತಿಗೆ, ಅವರ ಜೊತೆ ಕೆಲಸ ಮಾಡುವ ಒಬ್ಬ ಗೆಳೆಯ, ಇವರೊಟ್ಟಿಗೆ ನಾನು. ನಾಲ್ಕು ಜನ ಸೇರಿ ಕಿಲಿಮಂಜಾರೊ ಹತ್ತುವುದೆಂದು ವಾಟ್ಸಾಪಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಯೋಜನೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಪಿಎಚ್‌ಡಿ ಮಾಡುವವಳಿಗೆ ಟಿಪ್ಪಣಿ ಮಾಡುವುದು ಬಿಟ್ಟರೆ ಬೇರೇನು ಕೆಲಸ ಎಂಬುದು ನಮ್ಮ ಮನೆಯವರ ಹಳೆಯ ನಂಬಿಕೆ.

ನಾನೂ ಹುಮ್ಮಸ್ಸಿನಿಂದ ಬರೆದೆ. ವಿಮಾನದ ದರ, ವೀಸಾ, ವಿಮೆ, ಬೂಟು, ಮೈನಸ್ ಡಿಗ್ರಿ ತಡೆಯುವ ಸ್ಲೀಪಿಂಗ್ ಬ್ಯಾಗು, ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಮಾತ್ರೆ, ಅದಕ್ಕೆ ಮೊದಲು ಡಾಕ್ಟರನ್ನು ಕೇಳುವುದು, ಬೆಳಿಗ್ಗೆ ಎದ್ದು ಓಡುವ ವೇಳಾಪಟ್ಟಿ. ಎಲ್ಲವನ್ನೂ ಜೋರಾಗಿ ಓದಿದೆ. ಕವಳ ಹಾಕುತ್ತ ಕೂತಿದ್ದ ಅಜ್ಜ ಕೊನೆಯವರೆಗೂ ಕೇಳಿಸಿಕೊಂಡು, "ಎಲ್ಲ ಬರದ್ದೆ ಕೂಸೆ. ನಿಂಗ್ಳ ಹೊರೆ ಹೊರದು ಯಾರು?" ಎಂದ.

ಅಣ್ಣ ನಕ್ಕ. "ಅಜ್ಜಾ, ಅದೆಲ್ಲ ಪ್ಯಾಕೇಜಲ್ಲಿ ಬತ್ತು" ಅಂದ.

ಈ ಲೇಖನ ಆ ಉತ್ತರದ ವಿರುದ್ಧ. ಇಂಥ ಚಾರಣವೊಂದನ್ನು ಯೋಜಿಸುವವರು ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕಾದದ್ದು ಅಜ್ಜನ ಪ್ರಶ್ನೆಯನ್ನು ಎಂಬುದು ನನ್ನ ವಾದ. ಅದನ್ನು 'ಪ್ಯಾಕೇಜಿನಲ್ಲಿ ಬರುತ್ತದೆ' ಎಂದು ಬಿಟ್ಟವರು ಏನನ್ನೂ ಯೋಜಿಸಿಲ್ಲ, ಬರೀ ಸಾಮಾನು ಕೊಂಡಿದ್ದಾರೆ.

ಮೊದಲು ದುಡ್ಡಿನ ಲೆಕ್ಕವನ್ನೇ ನೋಡೋಣ. ಅಡಿಕೆ ಬೆಳೆಯುವ ಮನೆಯವಳಿಗೆ ಅಷ್ಟು ಲೆಕ್ಕವಾದರೂ ಬರಬೇಕು.

ಕಿಲಿಮಂಜಾರೊ ತಾಂಜಾನಿಯಾದ ರಾಷ್ಟ್ರೀಯ ಉದ್ಯಾನ. ನೋಂದಾಯಿತ ಮಾರ್ಗದರ್ಶಿ ಇಲ್ಲದೆ ಅಲ್ಲಿ ಯಾರೂ ಹತ್ತುವಂತಿಲ್ಲ. ವಿದೇಶಿ ಚಾರಣಿಗರಿಗೆ ದಿನಕ್ಕೆ 70 ಡಾಲರ್ ಸಂರಕ್ಷಣಾ ಶುಲ್ಕ, ಡೇರೆ ಹಾಕುವ ಪ್ರತಿ ರಾತ್ರಿಗೆ 50 ಡಾಲರ್, ರಕ್ಷಣಾ ವ್ಯವಸ್ಥೆಗೆಂದು ಒಮ್ಮೆ 20 ಡಾಲರ್, ಇವೆಲ್ಲದರ ಮೇಲೆ ಶೇಕಡಾ 18 ತೆರಿಗೆ. ಮಚಾಮೆ ದಾರಿಯಲ್ಲಿ ಆರು ದಿನ, ಐದು ರಾತ್ರಿಯ ಚಾರಣಕ್ಕೆ ಕೂಡಿಸಿದರೆ ತಲೆಗೆ ಸುಮಾರು 814 ಡಾಲರ್. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಅಗ್ಗದ ಕಂಪನಿಯೂ ಇಷ್ಟೇ ಕಟ್ಟಬೇಕು, ದುಬಾರಿ ಕಂಪನಿಯೂ ಇಷ್ಟೇ ಕಟ್ಟಬೇಕು.

ನಮಗೆ ಬಂದ ಕೊಟೇಶನ್‌ಗಳಲ್ಲಿ ಎಲ್ಲರಿಗೂ ಇಷ್ಟವಾದದ್ದು ತಲೆಗೆ 1350 ಡಾಲರಿನದು. ನಾಲ್ವರಿಗೆ 5400. ಉದ್ಯಾನದ ಶುಲ್ಕ ಕಳೆದರೆ ಉಳಿಯುವುದು 2143 ಡಾಲರ್. ನಾಲ್ವರನ್ನು ಹತ್ತಿಸಲು ಮುಖ್ಯ ಮಾರ್ಗದರ್ಶಿ, ಸಹಾಯಕ ಮಾರ್ಗದರ್ಶಿ, ಅಡುಗೆಯವನು, ಹೊರೆ ಹೊರುವ ಪೋರ್ಟರುಗಳು ಸೇರಿ ಹದಿನೈದು ಜನರೆಂದು ಏಜೆನ್ಸಿಯವರೇ ಹೇಳಿದ್ದರು. ಹದಿನೈದು ಜನ, ಆರು ದಿನ. ಅಂದರೆ ತೊಂಬತ್ತು ಆಳುದಿನ. ಉಳಿದ ಹಣವನ್ನು ಪೂರ್ತಿ ಕೂಲಿಗೇ ಕೊಟ್ಟರೂ ಒಂದು ಆಳುದಿನಕ್ಕೆ 24 ಡಾಲರ್ ಆಗುವುದಿಲ್ಲ. ಆದರೆ ಪೂರ್ತಿ ಕೊಡಲಾಗುತ್ತದೆಯೇ? ಹತ್ತೊಂಬತ್ತು ಜನರ ಆರು ದಿನದ ಊಟ ಇದರಲ್ಲೇ ಆಗಬೇಕು. ಮೋಶಿಯಿಂದ ಉದ್ಯಾನದ ದ್ವಾರಕ್ಕೆ ಹೋಗಿಬರುವ ಗಾಡಿ, ಹತ್ತುವ ಮುಂಚೆ ಮತ್ತು ಇಳಿದ ಮೇಲೆ ನಮ್ಮ ಹೋಟೆಲ್ ವಾಸ, ಡೇರೆಗಳು, ಗ್ಯಾಸು, ಅಲ್ಲಿಯ ಕಂಪನಿಯ ಲಾಭ, ಬೆಂಗಳೂರಿನ ಏಜೆನ್ಸಿಯ ಕಮಿಷನ್ನು ಎಲ್ಲಕ್ಕೂ ಇದೇ ಗಂಟು. ಇವನ್ನೆಲ್ಲ ಕಳೆಯುತ್ತ ಹೋಗಿ. ಕೊನೆಯಲ್ಲಿ ಕೈಗೆ ಬರುವ ಸಂಖ್ಯೆಯೇ ಆ ಪ್ಯಾಕೇಜು ಏಕೆ ಅಗ್ಗ ಎಂಬುದಕ್ಕೆ ಉತ್ತರ. ಶುಲ್ಕ ಕಡಿಮೆಯಾಗುವುದಿಲ್ಲ, ಡೀಸೆಲ್ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಹೊರುವವನ ಕೂಲಿ, ಅವನ ತಟ್ಟೆಯ ಊಟ, ಅವನು ಮಲಗುವ ಜಾಗ.

ಇಷ್ಟು ಲೆಕ್ಕ ಹಾಕಲು ಪಿಎಚ್‌ಡಿ ಬೇಕಿಲ್ಲ. ಆದರೂ ನಮ್ಮಲ್ಲಿ ಯಾರೂ ಹಾಕಲಿಲ್ಲ. 1350ನ್ನು 1300 ಮಾಡಿಸುವುದು ಹೇಗೆ ಎಂದು ಮಾತ್ರ ಒಂದು ವಾರ ಚರ್ಚಿಸಿದೆವು.

ಅಗ್ಗವಾಗಿಸುವ ಎರಡನೆಯ ದಾರಿ ದಿನಗಳನ್ನು ಕತ್ತರಿಸುವುದು. ಶುಲ್ಕ ದಿನದ ಲೆಕ್ಕದಲ್ಲಿ ಇರುವುದರಿಂದ ಎರಡು ದಿನ ಕಡಿಮೆಯಾದರೆ ತಲೆಗೆ 283 ಡಾಲರ್ ಉಳಿಯುತ್ತದೆ. ಅದಕ್ಕೇ ಎಂಟು ದಿನದ ಲೆಮೊಶೊ ದಾರಿಗಿಂತ ಆರು ದಿನದ ಮಚಾಮೆ, ಐದು ದಿನದ ಮರಂಗು ನಮ್ಮಂಥವರ ಕಣ್ಣಿಗೆ ಬೀಳುತ್ತವೆ. ನಮ್ಮ ಊರು ಇರುವುದು ಸಮುದ್ರ ಮಟ್ಟದಿಂದ ಐನೂರು ಆರುನೂರು ಮೀಟರ್ ಎತ್ತರದಲ್ಲಿ. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 2000 ಮೀಟರ್ ಮುಟ್ಟುವುದಿಲ್ಲ. ಕಿಲಿಮಂಜಾರೊದ ತುದಿ 5895 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ತಡಿಯಲ್ಲಿ ಸಿಗುವುದರ ಅರ್ಧದಷ್ಟು. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಆರು ದಿನದ ಮಚಾಮೆಯಲ್ಲಿ ಕರಂಗಾ ಶಿಬಿರದ ರಾತ್ರಿ ಹಾರಿಹೋಗುತ್ತದೆ. ಸುಮಾರು 3970 ಮೀಟರಿನ ಬರಂಕೊದಿಂದ ಒಂದೇ ದಿನದಲ್ಲಿ 4673 ಮೀಟರಿನ ಬರಾಫು ಶಿಬಿರ ಸೇರಿ, ಅದೇ ಮಧ್ಯರಾತ್ರಿ ಎದ್ದು ಹೆಡ್‌ಲ್ಯಾಂಪ್ ಕಟ್ಟಿಕೊಂಡು ಇನ್ನೂ 1200 ಮೀಟರ್ ಹತ್ತಬೇಕು. ಜಿಮ್ಮಿಗೆ ಹೋದ ಕಾಲುಗಳಿಗೂ ಮಿದುಳಿನಲ್ಲಿ ನೀರು ತುಂಬುವುದಕ್ಕೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವರೇ ಬೇಗ ಬೇಗ ಹತ್ತಿ ಬೀಳುವುದುಂಟು.

ಬಿದ್ದವರನ್ನು ಹೊತ್ತು ಇಳಿಸುವವರು ಯಾರು? ಮತ್ತೆ ಅದೇ ಪ್ರಶ್ನೆ. ನಾವು ಉಳಿಸಿದ ಎರಡು ದಿನದ ಬೆಲೆಯನ್ನೂ ಕಟ್ಟುವುದು ಅದೇ ಬೆನ್ನು. ನಾವು 'ಪೊಲೆ ಪೊಲೆ' ಎಂಬ ಸ್ವಾಹಿಲಿ ಮಾತನ್ನು ಟೀಶರ್ಟಿನ ಮೇಲೆ ಬರೆಸಿಕೊಂಡು ಬರುತ್ತೇವೆ. ನಿಧಾನ, ನಿಧಾನ ಎಂದು ಅದರ ಅರ್ಥ. ನಿಧಾನವಾಗಿ ಹೋಗಲು ಬೇಕಾದ ದಿನಗಳಿಗೆ ಮಾತ್ರ ದುಡ್ಡು ಕೊಡುವುದಿಲ್ಲ.

ಅಲ್ಲಿನ ಪೋರ್ಟರುಗಳು ತಮ್ಮ ಸ್ಥಿತಿಯ ಬಗ್ಗೆ ಸುಮ್ಮನಿದ್ದಾರೆ ಎಂದೇನೂ ಅಲ್ಲ. 2003ರಿಂದ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಅದು ಕೇಳುವುದು ಕೇಳಿದರೆ ನಾಚಿಕೆಯಾಗುವಷ್ಟು ಸರಳ. ಒಬ್ಬನ ಮೇಲೆ ಅವನ ಸ್ವಂತ ಸಾಮಾನೂ ಸೇರಿ 20 ಕಿಲೋಗಿಂತ ಹೆಚ್ಚು ಹೊರಿಸಬೇಡಿ. ದಿನಕ್ಕೆ ಮೂರು ಹೊತ್ತು ಊಟ ಕೊಡಿ. ಮಲಗಲು ಡೇರೆ ಕೊಡಿ. ಕೂಲಿಯನ್ನು ಸಕಾಲಕ್ಕೆ ಕೊಡಿ. ಚಾರಣಿಗರು ಕೊಟ್ಟ ಭಕ್ಷೀಸು ಹೊರೆಯವರ ಕೈಗೆ ನಿಜವಾಗಿ ತಲುಪಲಿ. ಮೂರು ಹೊತ್ತು ಊಟ ಕೊಡಿ ಎಂದು ಒಂದು ಸಂಸ್ಥೆ ನಿಯಮ ಬರೆದಿದೆ ಎಂದರೆ ಕೊಡದವರಿದ್ದಾರೆ ಎಂದೇ ಅರ್ಥ. ಇವನ್ನು ಪಾಲಿಸುವ ಕಂಪನಿಗಳ ಪಟ್ಟಿಯೂ ಅವರಲ್ಲಿದೆ. ನಮ್ಮ 1350 ಡಾಲರಿನ ಕಂಪನಿ ಆ ಪಟ್ಟಿಯಲ್ಲಿ ಇದೆಯೇ ಎಂದು ನಾನು ಕೇಳಿದ್ದಕ್ಕೆ ಏಜೆನ್ಸಿಯಿಂದ ಬಂದದ್ದು ಸೂರ್ಯೋದಯದ ಒಂದು ಫೋಟೋ, ಜೊತೆಗೆ 'ಚಿಂತೆ ಬೇಡ ಮೇಡಂ' ಎಂಬ ಮಾತು.

ಇಲ್ಲಿ ನನ್ನದೇ ಮನೆಯ ಮಾತು ಹೇಳದೆ ಮುಂದೆ ಹೋದರೆ ಈ ಸಿಟ್ಟು ಸುಳ್ಳಾಗುತ್ತದೆ.

ಅಜ್ಜ ಆ ಪ್ರಶ್ನೆ ಕೇಳಿದ್ದು ಅವನಿಗೆ ಹೊರೆ ಗೊತ್ತಿದ್ದರಿಂದ. ಗೊತ್ತಿದ್ದದ್ದು ಹೊತ್ತಲ್ಲ, ಹೊರಿಸಿ. ನಮ್ಮ ತೋಟಕ್ಕೆ ಬೆಟ್ಟದಿಂದ ಸೊಪ್ಪಿನ ಹೊರೆ ಇಳಿಸುತ್ತಿದ್ದವರಲ್ಲಿ ಒಬ್ಬರು ಸಿದ್ದಿ ಸಮುದಾಯದವರು. ತಲೆಗೆ ಸಿಂಬಿ ಇಟ್ಟು, ಕಣ್ಣು ಮುಚ್ಚುವಷ್ಟು ದೊಡ್ಡ ಹೊರೆ ಹೊತ್ತು, ಮಳೆಗಾಲದ ಜಾರುವ ದಾರಿಯಲ್ಲಿ ಬರಿಗಾಲಲ್ಲಿ ಬರುತ್ತಿದ್ದರು. ಅವರಿಗೆ ಆಗಲೇ ಅರವತ್ತು ದಾಟಿತ್ತು. ನಾನು ಆರೇಳು ವರ್ಷದವಳು. ಅವರನ್ನು ಏಕವಚನದಲ್ಲಿ ಹೆಸರು ಹಿಡಿದು ಕರೆಯುತ್ತಿದ್ದೆ. ಯಾರೂ ತಿದ್ದಲಿಲ್ಲ. ಅವರಿಗೆ ಚಾ ಕೊಡುವ ಲೋಟ ಬೇರೆ ಇತ್ತು. ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಅವರೇ ತೆಗೆದುಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಇಡುತ್ತಿದ್ದರು. ಅವರ ಹೊರೆ ಎಷ್ಟು ಭಾರ ಎಂದು ನಮ್ಮ ಮನೆಯಲ್ಲಿ ಯಾರೂ ತೂಗಿದ್ದು ನಾನು ನೋಡಿಲ್ಲ. ಅಡಿಕೆಯನ್ನು ತೂಗುವ ತಕ್ಕಡಿ ಮಾತ್ರ ಇತ್ತು.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಿನ ಮಗ್ಗುಲಲ್ಲಿ ಬದುಕುವ ಸಿದ್ದಿಗಳು ಪೂರ್ವ ಆಫ್ರಿಕಾದ ಮೂಲದವರು. ಅವರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ಬಿಡಿಸಿಕೊಂಡೋ ತಪ್ಪಿಸಿಕೊಂಡೋ ಘಟ್ಟದ ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003 ಬರಬೇಕಾಯಿತು. ನಮ್ಮ ಪಕ್ಕದ ಮಂಚಿಕೇರಿಯಲ್ಲಿ ಎಂಬತ್ತರ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆಯವರು ಸಿದ್ದಿ ಕಲಾವಿದರನ್ನು ಕಟ್ಟಿಕೊಂಡು ಚಿನುವಾ ಅಚಿಬೆಯ ಕಾದಂಬರಿಯ ನಾಟಕ ರೂಪವನ್ನು ಆಡಿಸಿದ್ದರು. ರಂಗಭೂಮಿಯನ್ನು ಓದುವವರು ಈಗಲೂ ಆ ಪ್ರಯೋಗದ ಮಾತು ಎತ್ತುತ್ತಾರೆ. ಆಫ್ರಿಕಾ ನಮಗೆ ಹೀಗೆ ಬಸ್ಸಿನ ದಾರಿಯಷ್ಟು ಹತ್ತಿರದಲ್ಲಿ ಇದ್ದಾಗ ನಾವು ಅದನ್ನು ನೋಡಿದ್ದು ಎಷ್ಟು? ಜಗಲಿಯ ಮೇಲೆ ನಕ್ಷೆ ಹರಡಿದ್ದ ಹೊತ್ತಿನಲ್ಲಿ ಅಣ್ಣನ ಗೆಳೆಯ ಒಂದು ತಮಾಷೆ ಮಾಡಿದ. ಆಫ್ರಿಕಾ ನೋಡಲು ಅಷ್ಟು ದೂರ ಯಾಕೆ, ಯಲ್ಲಾಪುರದ ಸಂತೆಗೆ ಹೋದರೆ ಸಾಕು ಎಂದು. ಎಲ್ಲರೂ ನಕ್ಕರು. ನಾನೂ ಅರ್ಧ ನಕ್ಕೆ. ಆ ಅರ್ಧ ನಗು ನನ್ನನ್ನು ಈ ಲೇಖನ ಬರೆಯಲು ಕೂರಿಸಿದೆ.

ಕಿಲಿಮಂಜಾರೊದ ತಪ್ಪಲಿನವರು ಚಗ್ಗಾ ಜನ. ಅವರಿಗೂ ನಮ್ಮ ಸಿದ್ದಿಗಳಿಗೂ ನೆಂಟಸ್ತಿಕೆ ಕಲ್ಪಿಸುವ ಉದ್ದೇಶ ನನಗಿಲ್ಲ. ಕಪ್ಪು ಬಣ್ಣದವರೆಲ್ಲ ಒಂದೇ ಎನ್ನುವುದು ಆ ತಮಾಷೆಯ ಇನ್ನೊಂದು ಮುಖ. ನಾನು ಹೇಳುತ್ತಿರುವುದು ನಮ್ಮ ಬಗ್ಗೆ. ಊರಿನಲ್ಲಿ ಹೊರೆಯವನ ಲೋಟ ಬೇರೆ ಇಟ್ಟು ಬೆಳೆದ ನಾವು, ಹೊರದೇಶಕ್ಕೆ ಹೋದಾಗ ಹೊರೆಯವನ ತಟ್ಟೆಯ ಕಡೆ ನೋಡುವುದಿಲ್ಲ. ನೋಡದೇ ಇರುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಈ ಕಾಣದಿರುವಿಕೆ ಭಾಷೆಯಲ್ಲೂ ಇದೆ. 'ಕಿಲಿಮಂಜಾರೊ ಜಯಿಸಿದ ಕನ್ನಡಿಗ', 'ಶಿಖರ ಗೆದ್ದ ಟೆಕ್ಕಿ' ಎಂಬ ಧಾಟಿಯ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಫೋಟೋದಲ್ಲಿ ಬಾವುಟ, ತಂಪು ಕನ್ನಡಕ, ಎರಡು ಬೆರಳು. ಗೆದ್ದವರ ಡೇರೆ, ಕುರ್ಚಿ, ಗ್ಯಾಸ್ ಸಿಲಿಂಡರು, ಮೊಟ್ಟೆಯ ಟ್ರೇ ಹೊತ್ತು ಅವರಿಗಿಂತ ಮುಂಚೆ ಓಡಿ, ಅವರು ಬರುವಷ್ಟರಲ್ಲಿ ಬಿಸಿನೀರು ಕಾಯಿಸಿಟ್ಟವರು ಫೋಟೋದಲ್ಲಿ ಇರುವುದಿಲ್ಲ. ತುದಿಗೆ ಹೋಗುವ ರಾತ್ರಿ ಅವರಲ್ಲಿ ಹೆಚ್ಚಿನವರು ಕೆಳಗಿನ ಶಿಬಿರದಲ್ಲೇ ಇರುತ್ತಾರೆ. ಹಾಗಾಗಿ ಫೋಟೋ ಸುಳ್ಳು ಹೇಳುತ್ತಿಲ್ಲ ಎಂದೂ ವಾದಿಸಬಹುದು. 1889ರ ಅಕ್ಟೋಬರ್ 6ರಂದು ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಷೆಲ್ಲರ್ ಮೊದಲ ಬಾರಿಗೆ ತುದಿ ಮುಟ್ಟಿದರು ಎಂದು ಪುಸ್ತಕಗಳು ಹೇಳುತ್ತವೆ. ಮೇಯರ್ ಅದಕ್ಕೆ ತನ್ನ ಚಕ್ರವರ್ತಿ ಕೈಸರ್ ವಿಲ್ಹೆಲ್ಮನ ಹೆಸರಿಟ್ಟ. ಅವರಿಗೆ ದಾರಿ ತೋರಿದವನೆಂದು ಅಲ್ಲಿನ ಜನ ನೆನೆಯುವ ಯೊಹಾನಿ ಕಿನ್ಯಾಲಾ ಲಾವೊನ ಹೆಸರು ಹೊರಜಗತ್ತಿಗೆ ಕೇಳಿಸಲು ನೂರು ವರ್ಷ ಹಿಡಿಯಿತು. 1961ರಲ್ಲಿ ದೇಶ ಸ್ವತಂತ್ರವಾದಾಗ ಅಲೆಕ್ಸಾಂಡರ್ ನ್ಯಿರೆಂಡಾ ಎಂಬ ಸೈನಿಕ ತುದಿಗೆ ಹೋಗಿ ಬಾವುಟ ನೆಟ್ಟು ಪಂಜು ಹೊತ್ತಿಸಿದ. ಆ ತುದಿಗೆ ಈಗ ಉಹುರು ಎಂದು ಹೆಸರು. ಉಹುರು ಎಂದರೆ ಸ್ವಾತಂತ್ರ್ಯ. ಆ ಹೆಸರಿನ ಫಲಕದ ಕೆಳಗೆ ನಿಂತು 'ಗೆದ್ದೆ' ಎನ್ನುವ ನಾವು ಯಾರನ್ನು ಗೆದ್ದಂತಾಯಿತು?

ಕನ್ನಡದಲ್ಲಿ ಇದಕ್ಕೆ ಬೇರೆ ಮಾದರಿ ಇಲ್ಲವೇ ಎಂದರೆ ಇದೆ, ಮತ್ತು ಅದನ್ನು ನಾವೆಲ್ಲ ಹೈಸ್ಕೂಲಿನ ವಯಸ್ಸಿನಲ್ಲೇ ಓದಿದ್ದೇವೆ. ತೇಜಸ್ವಿಯವರ 'ಕರ್ವಾಲೊ' ಒಂದು ಮಾರ್ಗದರ್ಶಿ ಸಮೇತದ ಚಾರಣದ ಕಥೆ ತಾನೇ? ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ವಿಜ್ಞಾನಿ ಇದ್ದಾನೆ, ಕಥೆ ಹೇಳುವ ಜಮೀನುದಾರ ಇದ್ದಾನೆ. ಆದರೆ ಮಂದಣ್ಣ ಇಲ್ಲದಿದ್ದರೆ ಆ ಪಯಣವೇ ಇಲ್ಲ. ಮರ ಹತ್ತುವ ಕರಿಯಪ್ಪ, ಪ್ಯಾರ ಎಲ್ಲರಿಗೂ ಅಲ್ಲಿ ಹೆಸರಿದೆ, ಮಾತಿದೆ, ಸಿಟ್ಟಿದೆ, ಅವರದೇ ಜಾಣತನವಿದೆ. ಊರವರು ದಡ್ಡನೆಂದು ತಳ್ಳಿದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಯಾರೂ ಏನನ್ನೂ ಗೆಲ್ಲುವುದಿಲ್ಲ. 1980ರಲ್ಲಿ ಬಂದ ಆ ಪುಸ್ತಕವನ್ನು ಮೆಚ್ಚಿ ಮೆಚ್ಚಿ ಸೆಮಿನಾರು ಮಾಡುವ ನಾವು, ನಮ್ಮ ಚಾರಣದ ಬರಹಗಳಲ್ಲಿ ಮಂದಣ್ಣನನ್ನು 'ನಮ್ಮ ಗೈಡ್' ಎಂಬ ಎರಡು ಪದದಲ್ಲಿ ಮುಗಿಸುತ್ತೇವೆ.

ನನ್ನ ಮಾತಿಗೆ ಬಂದ ಆಕ್ಷೇಪಗಳನ್ನೂ ಹೇಳಬೇಕು.

ಮೊದಲನೆಯದು: ನಾವು ಹೋಗದಿದ್ದರೆ ಅವರಿಗೆ ಆ ಕೂಲಿಯೂ ಇಲ್ಲ. ನಿಜ. ಅದಕ್ಕೇ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಈ ವಾದವನ್ನು ನಾನು ಬೇರೆ ಕಡೆ ಕೇಳಿದ್ದೇನೆ. ನಾವು ಕರೆಯದಿದ್ದರೆ ಇವರಿಗೆ ಗಂಜಿ ಎಲ್ಲಿಂದ ಎಂದು ನಮ್ಮ ಸೀಮೆಯ ಜಗಲಿಗಳಲ್ಲೂ ಹೇಳುತ್ತಿದ್ದರು. ಕೆಲಸ ಕೊಡುವುದು ಉಪಕಾರ ಎಂದುಕೊಂಡವನು ಕೂಲಿಯ ಮಾತನ್ನು ಯಾವತ್ತೂ ಎತ್ತಲು ಬಿಡುವುದಿಲ್ಲ. ಇವತ್ತು ಅದೇ ಜಗಲಿಗಳಲ್ಲಿ ಕೊನೆ ಕೊಯ್ಯಲು ಜನ ಸಿಗುವುದಿಲ್ಲ ಎಂದು ಗೋಳಾಡುತ್ತಿದ್ದೇವೆ. ಮರ ಹತ್ತಬಲ್ಲವನು ಬಂದರೆ ಅವನು ಕೇಳಿದಷ್ಟು ಕೊಡುತ್ತೇವೆ, ನಮ್ಮ ತಟ್ಟೆಯಲ್ಲೇ ಬಡಿಸುತ್ತೇವೆ. ನಮ್ಮ ಮನಸ್ಸು ದೊಡ್ಡದಾದದ್ದರಿಂದ ಇದು ಆಗಲಿಲ್ಲ. ಅವನಿಗೆ ಬೇರೆ ದಾರಿ ತೆರೆದದ್ದರಿಂದ ಆಯಿತು. ಮೋಶಿಯ ಹುಡುಗನಿಗೆ ಆ ದಾರಿ ಇನ್ನೂ ತೆರೆದಿಲ್ಲ ಎಂಬುದೇ 1350 ಡಾಲರಿನ ಗುಟ್ಟು.

ಎರಡನೆಯದು: ನಾವೇನು ಶ್ರೀಮಂತರೇ, ಸಂಬಳದಲ್ಲಿ ಉಳಿಸಿ ಹೋಗುವವರು. ಇದೂ ನಿಜ. ನನ್ನ ಪಾಲಿನ ಹಣ ಫೆಲೋಶಿಪ್ಪಿನಲ್ಲಿ ಎರಡು ವರ್ಷ ಕೂಡಿಟ್ಟದ್ದು. ಆದರೆ ದುಡ್ಡು ಸಾಲದಿದ್ದರೆ ಇನ್ನೊಂದು ವರ್ಷ ಕಾಯಬಹುದು. ಬೂಟಿನ ದರದಲ್ಲಿ ನಾವು ರಾಜಿ ಮಾಡಿಕೊಳ್ಳಲಿಲ್ಲ, ಕ್ಯಾಮೆರಾದಲ್ಲಿ ಮಾಡಿಕೊಳ್ಳಲಿಲ್ಲ. ಇನ್ನೊಬ್ಬರ ಕೂಲಿಯಲ್ಲಿ ಮಾತ್ರ ನಮ್ಮ ಬಡತನ ನೆನಪಾಯಿತು.

ಮೂರನೆಯದು ಸಾಹಸಿಗಳ ಆಕ್ಷೇಪ. ಗೈಡು, ಪೋರ್ಟರು ಇಟ್ಟುಕೊಂಡು ಹತ್ತುವುದೂ ಒಂದು ಚಾರಣವೇ, ಸ್ವಂತ ಬೆನ್ನಿನ ಮೇಲೆ ಹೊತ್ತು ಸ್ವಂತ ದಾರಿಯಲ್ಲಿ ಹೋಗಬೇಕು ಎನ್ನುವವರು. ಇವರಿಗೆ 2024ರ ಜನವರಿಯ ಕುಮಾರಪರ್ವತವನ್ನು ನೆನಪಿಸುತ್ತೇನೆ. ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಂದೇ ಕಾಲುದಾರಿಯಲ್ಲಿ ಸಾಲುಗಟ್ಟಿ ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಅರಣ್ಯ ಇಲಾಖೆ ನಿಲ್ಲಿಸಬೇಕಾಯಿತು. ದಾರಿ ತಿಳಿದವನನ್ನು ಜೊತೆಗಿಟ್ಟುಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಅಷ್ಟು ಎತ್ತರದಲ್ಲಿ ನಿಮ್ಮ ಮಾತು ತೊದಲುವುದನ್ನು, ಹೆಜ್ಜೆ ತಪ್ಪುವುದನ್ನು ನಿಮಗಿಂತ ಮೊದಲು ಗುರುತಿಸಿ, ಸಾಕು ಇಳಿಯಿರಿ ಎನ್ನಬಲ್ಲವನು ಅವನೊಬ್ಬನೇ. ಅವನ ಆ ಮಾತಿಗೆ ತಲೆಬಾಗುವ ಮನಸ್ಸನ್ನೂ ಮೊದಲೇ ಮಾಡಿಕೊಂಡು ಹೋಗುವುದು ಯೋಜನೆಯ ಭಾಗ.

ಕೊನೆಯದು: ನೀನು ಇನ್ನೂ ಹೋಗಿಯೇ ಇಲ್ಲವಲ್ಲ. ಹೋಗಿಲ್ಲ. ಹೋದವರ ಅನುಭವದ ಬಗ್ಗೆ ನಾನು ಏನೂ ಬರೆಯುತ್ತಿಲ್ಲ. ಹೋಗುವ ಮುಂಚಿನ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ. ಅನ್ಯಾಯದ ಬಹುಪಾಲು ಆಗಿಹೋಗುವುದು ಅಲ್ಲೇ, ನಾವು ಇನ್ನೂ ನಮ್ಮ ಜಗಲಿಯ ಮೇಲೆ ಚಾ ಕುಡಿಯುತ್ತ ಕೂತಿರುವಾಗ.

ದೀಪಾವಳಿ ಮುಗಿಸಿ ಹಾಸ್ಟೆಲಿಗೆ ವಾಪಸು ಬಂದ ಮೇಲೆ ಯೋಜನೆಯನ್ನು ಹೊಸದಾಗಿ ಬರೆದೆ. ಮೊದಲ ಸಾಲು: ಹೊರೆ ಯಾರು ಹೊರುತ್ತಾರೆ, ಎಷ್ಟು ಕಿಲೋ, ದಿನಕ್ಕೆ ಎಷ್ಟು ಕೂಲಿ, ಇದಕ್ಕೆ ಬರಹದಲ್ಲಿ ಉತ್ತರ ಕೊಡದ ಕಂಪನಿ ಬೇಡ. ಎರಡನೆಯ ಸಾಲು: ಎಂಟು ದಿನಕ್ಕೆ ಕಡಿಮೆ ಇಲ್ಲ. ಮೂರನೆಯದು: ಭಕ್ಷೀಸಿನ ಹಣ ಈಗಲೇ ಬೇರೆ ಎತ್ತಿಡುವುದು, ಕೊನೆಯ ದಿನ ಒಬ್ಬೊಬ್ಬರಿಗೂ ಎಷ್ಟು ಎಂದು ಎಲ್ಲರೆದುರು ಹೇಳಿ ಕೊಡುವುದು. ನಾಲ್ಕನೆಯದು: ನಮ್ಮ ಚೀಲಗಳನ್ನು ಮನೆಯಲ್ಲೇ ತೂಗಿ ಹೊರಡುವುದು. ಐದನೆಯದು: ತಂಡದ ಎಲ್ಲರ ಹೆಸರನ್ನು ಮೊದಲ ದಿನವೇ ಕೇಳಿ ಬರೆದುಕೊಳ್ಳುವುದು. ತಲೆಗೆ ಬೀಳುವ ಖರ್ಚು ಎರಡು ಸಾವಿರ ಡಾಲರ್ ದಾಟಿತು.

ಗುಂಪಿನಲ್ಲಿ ಹಾಕಿದೆ. ಅಣ್ಣನ ಗೆಳೆಯ ಅವತ್ತೇ ಗುಂಪು ಬಿಟ್ಟ. ಅಣ್ಣ ಮೂರು ದಿನ ಮಾತಾಡಲಿಲ್ಲ. ಆಮೇಲೆ ಅತ್ತಿಗೆ ಫೋನು ಮಾಡಿ, ಈ ವರ್ಷ ಬೇಡ, ಮುಂದಿನ ವರ್ಷ ಎಂಟು ದಿನವೇ ಹೋಗೋಣ ಎಂದರು. ಆದದ್ದು ಅಷ್ಟೇ. ದೊಡ್ಡ ಬದಲಾವಣೆಯೇನೂ ಅಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಇಷ್ಟನ್ನೂ ಅಜ್ಜನಿಗೆ ಹೇಳಿದೆ. ನಮ್ಮ ಬೆಟ್ಟದ ಸೊಪ್ಪಿನ ಹೊರೆ ಎಷ್ಟು ಕಿಲೋ ಇರುತ್ತಿತ್ತು ಎಂದು ಕೇಳಿದೆ. ಅಜ್ಜ ತುಂಬ ಹೊತ್ತು ಅಂಗಳದ ಕಡೆ ನೋಡುತ್ತ ಕೂತ. ಆಮೇಲೆ, "ತೂಗಿದ್ದಿಲ್ಲೆ" ಎಂದ.